ಚಿಕ್ಕ ರೈಟರೂ ಜೀರುಂಡೆಯೂ

ಹಿತ್ತಲ ಕಲ್ಲಿನ ಮೇಲೆ ಅವರ ಕತ್ತಿನ ಬಟ್ಟೆಗಳನ್ನು ಒಗೆಯುತ್ತಿದ್ದೆ. ನನ್ನ ಹಳೆಯ ಮಲ್ ಸೀರೆಯನ್ನು ಅಂಗೈಯಗಲ ಕತ್ತರಿಸಿ, ಅಂಚು ಹೊಲಿದು, ಎರಡು ಮೂಲೆಗೆ ಲಾಡಿ ಹಚ್ಚಿದ ಬಟ್ಟೆಗಳು. ಗಂಟಲಿನ ಆಪರೇಷನ್ ಆದಾಗಿನಿಂದ ನನ್ನ ಗಂಡನ ಉಸಿರು ಮೂಗಿನಿಂದಲ್ಲ, ಕತ್ತಿನ ಬುಡದಲ್ಲಿ ಡಾಕ್ಟರು ಮಾಡಿಟ್ಟ ತೂತಿನಿಂದ. ಅಲ್ಲಿಗೆ ದೂಳು ಹೋಗಬಾರದು, ನೊಣ ಕೂರಬಾರದು, ತಣ್ಣನೆಯ ಗಾಳಿ ನೇರವಾಗಿ ನುಗ್ಗಬಾರದು. ಮಳೆಗಾಲದಲ್ಲಿ ಆ ಬಟ್ಟೆಗಳನ್ನು ಒಣಗಿಸುವುದೇ ಒಂದು ಸಾಹಸ. ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದರೆ ಹೊಗೆಯ ವಾಸನೆ ಹಿಡಿಯುತ್ತದೆ, ಅವರಿಗೆ ಕೆಮ್ಮು ಬರುತ್ತದೆ.

ಕೊನೆಯ ಬಟ್ಟೆ ಹಿಂಡುತ್ತಿದ್ದಾಗ ಮಗಳು ಪೊನ್ನು ಬಂದಳು. ಆ ಹೊತ್ತಿಗೆ ಅವಳು ಕೆಳಗೆ ಕಣದಲ್ಲಿ ಇರಬೇಕಾಗಿತ್ತು. ಆಳುಗಳ ಹೆಸರು ಕರೆದು ಹಾಜರಿ ಹಾಕುವ ಮಸ್ಟರ್ ಇನ್ನೂ ಮುಗಿದಿರಲಿಕ್ಕಿಲ್ಲ.

"ಎಂಥ ಇಷ್ಟು ಬೇಗ? ಅಪ್ಪ ಎಲ್ಲಿ?"

ಕೋಳಿಗೂಡಿನ ಮೇಲಿದ್ದ ಕೋಲು ತೆಗೆದುಕೊಂಡು ಗೂಡಿನ ತಟ್ಟಿಗೆ ಒಂದು ಬಾರಿಸಿದಳು. ಒಳಗಿದ್ದ ಹೇಂಟೆ ಕಿರುಚಿತು.

"ಪೊನ್ನೂ, ಕೇಳಿದ್ದಕ್ಕೆ ಬಾಯಿ ಬಿಡು."

"ಅಪ್ಪ ಅದ್‌ನ ತಕಂಡ್ ಬಂದ. ಅದೇ ಹೆಸ್ರು ಕರೀತಾ ಉಟ್ಟು. ನಾ ಬೊತ್ತಂತೆ."

"ಬೇಡ ಅಂತ ಅಪ್ಪ ಹೇಳಿದ್ನಾ?"

"ಹೇಳಿಲ್ಲೆ. ಹೇಳ್ಕಾ?"

ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು ಕಿವಿ ಕೊಟ್ಟೆ. ಕೆಳಗಿನ ಕಣದಿಂದ ಮಂಜಿನೊಳಗೆ ಒಂದು ಸದ್ದು ಬರುತ್ತಿತ್ತು. ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯಂಥ ಸದ್ದು. ಆ ಸದ್ದಿನೊಳಗೆ ಮನುಷ್ಯರ ಹೆಸರುಗಳು. ಏರಿಲ್ಲ, ಇಳಿವಿಲ್ಲ. ಒಂದು ಹೆಸರು ಮುಗಿದು ಇನ್ನೊಂದು ಶುರುವಾದದ್ದು ತಿಳಿಯುತ್ತಿದ್ದದ್ದು ನಡುವೆ ಆಳುಗಳು "ಇದ್ದೀನಿ" ಎನ್ನುತ್ತಿದ್ದುದರಿಂದ. ನನ್ನ ಗಂಡ ದೇರಪ್ಪ, ಸಿದ್ದಾಪುರದ ಕಡೆಯ ಈ ಕಾಫಿ ತೋಟದ ಲೆಕ್ಕ, ಹಾಜರಿ ನೋಡುವ ರೈಟರು, ಎರಡು ವರ್ಷಗಳ ಮೇಲೆ ತಾವೇ ಮಸ್ಟರ್ ಕರೆಯುತ್ತಿದ್ದರು.

ನನಗೆ ಸಂತೋಷವಾಗಬೇಕಾಗಿತ್ತು. ಆಯಿತು ಕೂಡ. ಆದರೆ ಎದುರಿಗೆ ಮಗಳು ಕೋಲು ಹಿಡಿದು ನಿಂತಿದ್ದಳಲ್ಲ, ಅವಳ ಮುಖ ನೋಡಿ ಸಂತೋಷವನ್ನು ಒಳಗೇ ಇಟ್ಟುಕೊಂಡೆ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಹುಟ್ಟಿದವಳು ಪೊನ್ನಮ್ಮ. ಅವಳಿಗೆ ಏಳು ತುಂಬುವ ಹೊತ್ತಿಗೆ ಅಪ್ಪನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮದರಾಸಿನ ಆಸ್ಪತ್ರೆಯಲ್ಲಿ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಜೀವ ಉಳಿಯಿತು, ಸ್ವರ ಹೋಯಿತು. ಅವರು ಮನೆಗೆ ಬಂದಾಗ ಮಗ ಪುಟ್ಟ ನನ್ನ ಹೊಟ್ಟೆಯಲ್ಲಿದ್ದ. ಕಿವಿ ಚೆನ್ನಾಗಿ ಕೇಳುತ್ತದೆ, ನಾಲಿಗೆ ತುಟಿ ಎಲ್ಲ ಆಡುತ್ತವೆ, ಬಾಯಲ್ಲಿ ಮಾತು ಮೂಡುತ್ತದೆ, ಆದರೆ ಅದನ್ನು ಹೊರಗೆ ತರುವ ಉಸಿರು ಬೇರೆ ದಾರಿ ಹಿಡಿದು ಹೋಗಿರುತ್ತದೆ. ಸ್ವರವಿಲ್ಲದ ರೈಟರನ್ನು ಯಾವ ತೋಟದವರು ಇಟ್ಟುಕೊಳ್ಳುತ್ತಾರೆ? ಇಂಗ್ಲೆಂಡಿನವರಾದ ನಮ್ಮ ದೊರೆ ಒಳ್ಳೆಯವರು. ಕೆಲವು ತಿಂಗಳು ನೋಡೋಣ ಅಂದರು.

ಅವರ ತುಟಿಯನ್ನು ಮೊದಲು ಓದಿದವಳು ನಾನಲ್ಲ. ಹನ್ನೊಂದು ವರ್ಷ ಸಂಸಾರ ಮಾಡಿದವಳು ನಾನು, ಅವರು ನೀರು ಕೇಳಿದರೆ ಕೊಡೆ ತಂದುಕೊಡುತ್ತಿದ್ದೆ. ಪೊನ್ನು ಬಾಗಿಲ ಬಳಿ ಗೋಲಿ ಆಡುತ್ತಾ, ಅರ್ಧ ಕಣ್ಣಿನಲ್ಲಿ ನೋಡಿ, "ನೀರಂತೆ ಅವ್ವ, ಬಿಸಿನೀರು" ಎನ್ನುತ್ತಿದ್ದಳು. ಹೇಗೆ ತಿಳಿಯಿತೇ ಎಂದರೆ, "ಅಪ್ಪ ಹೇಳ್ತಲ್ಲ" ಎನ್ನುವಳು. ನನಗೆ ಮಾತ್ರ ಕೇಳುತ್ತಿಲ್ಲವೇನೋ ಎಂಬಂತೆ.

ಹಾಗೆ ಅವಳು ಅಪ್ಪನ ಬಾಯಿಯಾದಳು. ಬೆಳಗ್ಗೆ ಕಣದ ಮೆಟ್ಟಿಲ ಮೇಲೆ ಅಪ್ಪನ ಪಕ್ಕ ನಿಂತು, ಅವರ ತುಟಿ ನೋಡಿ ಹೆಸರು ಕರೆದು, ಆಮೇಲೆ ಶಾಲೆಗೆ ಓಡುವುದು. ಆಳುಗಳ ಸಾಲುಮನೆಯ ಲೈನಿನಲ್ಲಿ ತಮಿಳರು, ಮಲಯಾಳಿಗಳು, ತುಳುವರು, ಯರವರು ಎಲ್ಲರೂ ಇದ್ದಾರೆ. ಮನೆಯಲ್ಲಿ ಅರೆಭಾಷೆ ಆಡುವ ಈ ಹುಡುಗಿ ಒಬ್ಬೊಬ್ಬರನ್ನು ಒಂದೊಂದು ರಾಗದಲ್ಲಿ ಕರೆಯುತ್ತಿದ್ದಳು, ಅವರವರ ಮನೆಯಲ್ಲಿ ಅವರವರ ತಾಯಿ ಕರೆದ ಹಾಗೆ. ಎಲ್ಲಕ್ಕೂ ಮೊದಲ ಹೆಸರು ಕಳೆ ತೆಗೆಯುವ ಮುದುಕಿ ಮಾರಿಯದು. "ಮಾರೀ..." ಎಂದು ಪೊನ್ನು ಎಳೆದರೆ, "ಬಂದೆ ಕೂಸೇ" ಎಂದು ಅವಳೂ ಅಷ್ಟೇ ಉದ್ದ ಎಳೆಯುತ್ತಿದ್ದಳು. ಆಳುಗಳು ಇವಳಿಗೆ 'ಚಿಕ್ಕ ರೈಟರ್' ಎಂದು ಹೆಸರಿಟ್ಟರು. ತಡವಾಗಿ ಬಂದವರನ್ನು ಅಪ್ಪ ಬೈದರೆ ಚಿಕ್ಕ ರೈಟರು, "ನಾಳೆ ಬೇಗ ಬರ್ಕಂತೆ" ಎಂದಷ್ಟೇ ಹೇಳುತ್ತಿದ್ದಳು. ಅಪ್ಪನಿಗೆ ಕಿವಿ ಇತ್ತಲ್ಲ, ಕೇಳುತ್ತಿತ್ತು. ಸುಮ್ಮನಿರುತ್ತಿದ್ದರು.

ಮನೆಯಲ್ಲೂ ಅದೇ. ಒಂದು ಸಂಜೆ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಅವರ ತುಟಿ ತುಂಬಾ ಹೊತ್ತು ಆಡಿತು.

"ಅವ್ವ, ಉಪ್ಪು ಜಾಸ್ತಿ ಆತಂತೆ."

"ಅಷ್ಟಕ್ಕೆ ಅಷ್ಟು ಹೊತ್ತು ಬಾಯಾಡಿಸಿದ್ದಾ?"

"ಇನ್ನೂ ಉಟ್ಟು. ಅದ್‌ನ ನಾ ಹೇಳುಲೆ."

"ಹೇಳೇ."

"ಹೇಳಿದ್ರೆ ನೀ ನಾಳೆ ಅಪ್ಪಂಗೆ ಊಟ ಹಾಕುಲೆ."

ಅವರು ನಕ್ಕರು. ಅವರ ನಗು ಎಂದರೆ ಕತ್ತಿನ ಬಟ್ಟೆ ಪಟಪಟ ಹಾರುವುದು, ಅಷ್ಟೇ. ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡು ಅಲುಗಾಡುತ್ತಿದ್ದರು. ನಾನೂ ನಕ್ಕೆ. ನಕ್ಕು, ಒಳಗೆ ಹೋಗಿ ಪಾತ್ರೆಯನ್ನು ಬೇಕಾದ್ದಕ್ಕಿಂತ ಜೋರಾಗಿ ಇಟ್ಟೆ. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಪಡುವವಳು ಎಂಥ ತಾಯಿ ಎಂದು ನನಗೇ ನಾಚಿಕೆಯಾಗುತ್ತಿತ್ತು. ಆದರೆ ಅದು ನಾಚಿಕೆಗೆ ಹೆದರುವ ಜಾತಿಯದಲ್ಲ. ನನ್ನ ಗಂಡನ ಮಾತು ನನಗೆ ಸಿಗುತ್ತಿದ್ದದ್ದು ಮಗಳು ಉಂಡು ಉಳಿಸಿದ ಮೇಲೆ.

ಆ ವರ್ಷ ದೊರೆ ರಜೆಗೆ ತಮ್ಮ ದೇಶಕ್ಕೆ ಹೋಗಿ ಬಂದರು. ಬರುವಾಗ ಒಂದು ಯಂತ್ರ ತಂದರು. ನೋಡಲು ಟಾರ್ಚಿನಂತೆ. ಬಲ್ಬಿನ ಜಾಗದಲ್ಲಿ ಒಂದು ಚಪ್ಪಟೆ ಬಿಲ್ಲೆ. ಅದನ್ನು ದವಡೆಯ ಕೆಳಗೆ ಒತ್ತಿ ಗುಂಡಿ ಅದುಮಿದರೆ ಗುಂಯ್ ಎನ್ನುತ್ತದೆ. ಆ ಗುಂಯ್ ಗಂಟಲೊಳಗೆ ಇಳಿಯುತ್ತದೆ, ಬಾಯಿ ಅದನ್ನು ಮಾತು ಮಾಡುತ್ತದೆ. ಮಳೆ ಹಿಡಿದ ಮೇಲೆ ಅವರು ದಿನಾ ಸಂಜೆ ಗೋದಾಮಿನಲ್ಲಿ, ಚೀಲಗಳ ನಡುವೆ ಕೂತು ಅಭ್ಯಾಸ ಮಾಡಿದರು. ಎಲ್ಲಿ ಒತ್ತಬೇಕು, ಯಾವಾಗ ಗುಂಡಿ ಬಿಡಬೇಕು, ಎಷ್ಟು ನಿಧಾನ ಆಡಬೇಕು. ನಮಗೆ ಯಾರಿಗೂ ತೋರಿಸಲಿಲ್ಲ. ಪೂರ್ತಿ ಬಂದ ಮೇಲೆಯೇ ನೇರ ಮಸ್ಟರಿಗೆ ಒಯ್ದರು. ಅದೇ ನಾನು ಬಟ್ಟೆ ಒಗೆಯುತ್ತಿದ್ದ ಬೆಳಗ್ಗೆ.

ಆಳುಗಳು ಅದಕ್ಕೆ 'ರೈಟರ ಜೀರುಂಡೆ' ಎಂದರು. ಪುಟ್ಟನಿಗಂತೂ ಹಬ್ಬ. ಅವನು ಹುಟ್ಟಿದ್ದೇ ಅಪ್ಪನ ಸ್ವರ ಹೋದ ಮೇಲೆ. "ಪುಟ್ಟಾ" ಎಂದು ಯಂತ್ರ ಕರೆದದ್ದೇ ತಡ, ತೆವಳುತ್ತಾ ಏಳುತ್ತಾ ಓಡಿ ಹೋಗಿ ಮಡಿಲಲ್ಲಿ ಬಿದ್ದ. ಅವನ ಮಟ್ಟಿಗೆ ಅಪ್ಪ ಎಂದರೆ ಹೀಗೇ ಮಾತಾಡುವವನು. ದಿನವಿಡೀ ತಾನೂ ಗಲ್ಲಕ್ಕೆ ಚಮಚ ಒತ್ತಿಕೊಂಡು "ಝ್ಝ್" ಎಂದುಕೊಂಡು ತಿರುಗುತ್ತಿದ್ದ. ಪೊನ್ನು ಆ ಚಮಚ ಕಿತ್ತುಕೊಂಡು ಬೂದಿಗುಂಡಿಗೆ ಎಸೆದಳು.

ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಜಗಳವಾಡಿ ಬಿಟ್ಟದ್ದಲ್ಲ. ಅಪ್ಪ ಎದುರಿಗೇ ಕೂತಿರುವಾಗ, "ಅವ್ವ, ಅಪ್ಪಂಗೆ ಹೇಳು, ನಂಗೆ ಸ್ಲೇಟುಕಡ್ಡಿ ಬೇಕು" ಎನ್ನುವಳು.

"ಪೊನ್ನು, ಶಾಲೆ ಹೇಗಿತ್ತು?" ಎಂದು ಯಂತ್ರ ಕೇಳಿದರೆ, ನನ್ನ ಕಡೆ ತಿರುಗಿ, "ಅದು ಎಂಥ ಹೇಳ್ದು?" ಎನ್ನುವಳು.

"ಶಾಲೆ ಹೇಗಿತ್ತು ಅಂತ."

"ಇತ್ತು."

ಲೈನಿನ ಚಿಳ್ಳೆಪಿಳ್ಳೆಗಳಿಗೂ ತಿಳಿಯುವ ಮಾತು ಇವಳಿಗೊಬ್ಬಳಿಗೆ ತಿಳಿಯುತ್ತಿರಲಿಲ್ಲ. ಅವರು ಯಂತ್ರ ಕೆಳಗಿಟ್ಟು ಹಳೆಯ ಹಾಗೆ ಬರೀ ತುಟಿ ಆಡಿಸಿ ನೋಡಿದರು. ಪೊನ್ನು ಮುಖವನ್ನೇ ಎತ್ತಲಿಲ್ಲ. ಎರಡು ವರ್ಷ ಅಪ್ಪನ ತುಟಿಯಿಂದ ಕಣ್ಣು ಕೀಳದವಳು ಈಗ ಅವರ ಕಾಲಿನಿಂದ ಮೇಲಕ್ಕೆ ನೋಟ ಎತ್ತುತ್ತಿರಲಿಲ್ಲ. ಅವರು ನನ್ನ ಮುಖ ನೋಡಿದರು. ನಾನು ಮಾಡುವುದಾದರೂ ಏನು? ಅವಳ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಏನೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅದು ನನ್ನದೇ ಒಲೆಯ ಕೆಂಡ.

ತಲೆ ಬಾಚುವಾಗ ನನ್ನ ಮೊಣಕಾಲಿಗೆ ಒರಗಿ, "ಅವ್ವ" ಎನ್ನುವಳು.

"ಎಂಥ?"

"ಅಪ್ಪ... ಎಂಥ ಇಲ್ಲೆ."

"ಅಪ್ಪನ್ನೇ ಕೇಳು."

"ಕೇಳುಲೆ."

ಏನೋ ಒಂದು ಪ್ರಶ್ನೆ ಅವಳ ಗಂಟಲವರೆಗೆ ಬಂದು ನಿಲ್ಲುತ್ತಿತ್ತು. ಬಲವಂತ ಮಾಡಲಿಲ್ಲ. ಇನ್ನು ಅಪ್ಪ ತನ್ನನ್ನು ಕರೆಯುವುದೇ ಇಲ್ಲವೇ ಎಂದಿರಬಹುದು, ಅದು ಬಂದದ್ದರಿಂದ ತಾನು ಯಾರೂ ಅಲ್ಲವೇ ಎಂದಿರಬಹುದು ಎಂದುಕೊಂಡೆ.

ನನಗೋ, ನಿಜ ಹೇಳುವುದಾದರೆ, ಆ ಜೀರುಂಡೆಯ ಮೇಲೆ ಸಿಟ್ಟಿರಲಿಲ್ಲ. ತುಟಿಯ ಮಾತಿಗೆ ಬೆಳಕು ಬೇಕು. ದೀಪ ಆರಿಸಿದ ಮೇಲೆ ಎರಡು ವರ್ಷ ನಮ್ಮ ಕೋಣೆಯಲ್ಲಿ ಮಾತಿರಲಿಲ್ಲ. ಈಗ ಕತ್ತಲಲ್ಲೂ ಅವರು ಮಾತಾಡುತ್ತಿದ್ದರು, ಮಕ್ಕಳು ಏಳದಂತೆ ಯಂತ್ರದ ಮೇಲೆ ಕಂಬಳಿ ಹೊದೆಸಿ. ಮೊದಲ ಸಲ ಕೇಳಿದ್ದು, "ಆ ಹೆಂಚು ಸೋರುತ್ತಿದೆಯಾ?" ಎಂದು. ಹೆಂಚಿನ ವಿಷಯವೇ ಇರಲಿ, ನಡುವೆ ಯಾರೂ ಇಲ್ಲದೆ ನನಗೆ ಬಂದ ಮಾತು. ಆದರೂ ಬೆಳಗ್ಗೆ ಅದೇ ಗುಂಯ್‌ನಲ್ಲಿ ಅವರು ಲಾರಿ ಡ್ರೈವರಿಗೂ ಗೊಬ್ಬರದ ಲೆಕ್ಕ ಹೇಳುವುದು ಕೇಳಿದಾಗ ಒಳಗೆ ಚುಚ್ಚುತ್ತಿತ್ತು. ಹಳೆಯ ಸ್ವರದಲ್ಲಿ ನನಗೆಂದೇ ಒಂದು ತಗ್ಗು ಇತ್ತು. ಇದರಲ್ಲಿ ಇಲ್ಲ. ಪುಟ್ಟನಿಗೂ ನನಗೂ ಡ್ರೈವರಿಗೂ ಒಂದೇ.

ಭಾದ್ರಪದದ ಹೊತ್ತಿಗೆ ಮಳೆ ಕೊಂಚ ಬಿಟ್ಟಿತು. ನಾಟಿ ಮುಗಿದು ಕೈಲ್ ಮುಹೂರ್ತ ಬಂತು. ಕೋವಿ, ಕತ್ತಿ, ಗುದ್ದಲಿ, ಮನೆಯಲ್ಲಿ ದುಡಿಯುವ ಆಯುಧಗಳನ್ನೆಲ್ಲ ತೊಳೆದು ದೀಪದ ಮುಂದಿನ ಮಣೆಯ ಮೇಲಿಟ್ಟು, ಗಂಧ ಹಚ್ಚಿ, ಕೋವಿ ಹೂ ಎನ್ನುವ ಕೆಂಪು ಕಾಡುಹೂವಿಟ್ಟು ಪೂಜೆ ಮಾಡುವ ಹಬ್ಬ. ಮಣೆಯ ಮೇಲೆ ಇಟ್ಟು ಗಂಧ ಮುಟ್ಟಿಸಿದ ಮೇಲೆ, ಮನೆಯ ಯಜಮಾನ ಪೂಜೆ ಮಾಡಿ ತನ್ನ ಕೈಯಾರೆ ಎತ್ತಿ ಕೊಡುವ ತನಕ ಯಾವುದನ್ನೂ ಯಾರೂ ಮುಟ್ಟುವಂತಿಲ್ಲ. ಬೇಲಿಗೆ ಹಂದಿ ನುಗ್ಗಿದರೂ ಕೋವಿ ಮುಟ್ಟುವಂತಿಲ್ಲ ಎಂದು ನನ್ನ ಮಾವ ಹೇಳುತ್ತಿದ್ದರು.

ನಮಗೆ ಹಬ್ಬವಾದರೂ ಲೈನಿನವರಿಗೆ ಕೆಲಸ ಉಂಟು. ನನ್ನ ಗಂಡ ಮಸ್ಟರ್ ಮುಗಿಸಿ ಬಂದು ಪೂಜೆ ಮಾಡುವುದೆಂದಾಯಿತು. ನಾನು ಬೆಳಗ್ಗೆ ಎದ್ದು ಕಡುಬಿಗೆ ಅಕ್ಕಿತರಿ ಕಾಯಿಸುತ್ತಿದ್ದೆ. ಪೊನ್ನು ಯಾರೂ ಹೇಳದೆ ಸ್ನಾನ ಮಾಡಿ, ತೋಡಿನ ಬದಿಯಿಂದ ಕೋವಿ ಹೂ ಕಿತ್ತು ತಂದು, ಮಣೆ ಜೋಡಿಸುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಹುಡುಗಿ ಗೆಲುವಾಗಿದ್ದಾಳೆ ಎಂದು ನಾನು ಅತ್ತ ನೋಡಲೇ ಇಲ್ಲ.

ಅವರು ಕೋಟು ಹಾಕಿಕೊಂಡು ಹೊರಟು, ಯಂತ್ರ ಇಡುವ ಗೋಡೆಯ ಗೂಡಿಗೆ ಕೈ ಹಾಕಿದರು. ಯಂತ್ರ ಇಲ್ಲ. ಸುತ್ತ ನೋಡಿದರು. ಆಮೇಲೆ ದೀಪದ ಕಡೆ ನೋಡಿ ನಿಂತುಬಿಟ್ಟರು. ನಾನೂ ಬಂದು ನೋಡಿದೆ. ಕೋವಿ ಒಂದು ಕಡೆ, ಕತ್ತಿಗಳು ಇನ್ನೊಂದು ಕಡೆ, ಗುದ್ದಲಿ ಕೆಳಗೆ, ಎಲ್ಲದರ ನಡುವೆ ಬಾಳೆಲೆಯ ತುಂಡಿನ ಮೇಲೆ ಜೀರುಂಡೆ. ಮೈತುಂಬ ಗಂಧದ ಬೊಟ್ಟು. ತಲೆಯ ಮೇಲೆ ಎಲ್ಲಕ್ಕಿಂತ ದೊಡ್ಡ ಹೂ.

"ಪೊನ್ನೂ!" ಎಂದೆ.

"ಅದೂ ಅಪ್ಪನ ಆಯುಧ ತಾನೆ? ದಿನಾ ಕೆಲ್ಸ ಮಾಡುದಿಲ್ಲೆನಾ?" ಎಂದಳು, ನನಗೆ. ಕಣ್ಣು ಮಾತ್ರ ಮಣೆಯ ಮೇಲೆ. "ಪೂಜೆ ಆಗದೆ ಮುಟ್ಟಿಕೆ ಆಕಿಲೆ."

ತಪ್ಪು ಹುಡುಕಲು ಜಾಗವೇ ಇರಲಿಲ್ಲ. ನಮ್ಮ ಶಾಸ್ತ್ರವನ್ನೇ ಹಿಡಿದು ನಮ್ಮನ್ನು ಕಟ್ಟಿಹಾಕಿದ್ದಳು. ಅವರ ಕತ್ತಿನ ಬಟ್ಟೆ ಪಟಪಟ ಎಂದಿತು. ನಕ್ಕು, ಅವಳ ಕಡೆ ಕೈ ಚಾಚಿದರು. ಪೊನ್ನು ಆ ಕೈ ಹಿಡಿದು ಮೆಟ್ಟಿಲು ಹಾರಿದಳು. ಕೊಡೆಯ ಕೆಳಗೆ ತಲೆ ಎತ್ತಿ ಅಪ್ಪನ ತುಟಿ ನೋಡುತ್ತಾ, ಎಡವುತ್ತಾ, ಇಳಿಜಾರಿನಲ್ಲಿ ಮರೆಯಾದಳು. ಇಷ್ಟು ದಿನ ಅವಳಿಗಾಗಿ ಮರುಗಿದವಳು ನಾನು. ಆದರೂ ಆ ಬೆನ್ನುಗಳನ್ನು ನೋಡಿದ ಕ್ಷಣ, ಮತ್ತೆ ಶುರುವಾಯಿತಲ್ಲ ಎಂದು ನನ್ನ ಹಳೆಯ ಕೆಂಡ ಹೊಗೆಯಾಡಿತು.

ಕೆಳಗಿನಿಂದ ಹೆಸರುಗಳು ಕೇಳತೊಡಗಿದವು. ಆಳುಗಳ ಕೂಗು, ನಗು. "ಚಿಕ್ಕ ರೈಟರ್ ಬಂದ್ರು, ಜೀರುಂಡೆಗೆ ರಜೆ!" ಎಂದು ಯಾರೋ ಅಂದರು. ಕಡುಬು ಕಟ್ಟುತ್ತಾ ಕೇಳುತ್ತಿದ್ದವಳಿಗೆ ಏನೋ ತಪ್ಪಿದಂತೆನಿಸಿತು. ಮೊದಲ ಹೆಸರು ಮಾರಿಯದು ಆಗಿರಲಿಲ್ಲ.

ಆಗ ನೆನಪಾಯಿತು. ಹಿಂದಿನ ಸಂಜೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಅವರು ಹೇಳಿದ್ದರು. ಮಾರಿಗೆ ಕಣ್ಣು ಮಂಜಾಗಿದೆ. ಕಳೆ ಎಂದು ಎಳೆಯ ಕಾಫಿ ಗಿಡಗಳನ್ನೇ ಸಾಲಾಗಿ ಕೊಯ್ದುಹಾಕಿದ್ದಾಳೆ. ಇನ್ನು ಮೇಲೆ ಅವಳ ಹೆಸರು ಮಸ್ಟರಿನಲ್ಲಿ ಬೇಡ ಎಂದು ದೊರೆಯ ಹುಕುಂ. ಇವರು ಯಂತ್ರ ಒತ್ತಿಕೊಂಡು ಅವಳ ಪರವಾಗಿ ದೊರೆಯ ಹತ್ತಿರ ಬಹಳ ವಾದಿಸಿದರಂತೆ. ಮಗನ ಜೊತೆ ಲೈನಿನ ಮನೆಯಲ್ಲಿ ಇರಬಹುದು ಎನ್ನುವಷ್ಟು ಮಾತ್ರ ಸಿಕ್ಕಿತು. ಅದನ್ನೆಲ್ಲ ನನಗೆ ಹೇಳಿ, ಕೊನೆಗೆ, "ನಾಳೆ ನಾನು ಅವಳಿಗೆ ಹೇಳಬೇಕು" ಎಂದಿದ್ದರು. ಹಬ್ಬದ ಗಡಿಬಿಡಿಯಲ್ಲಿ ಬೆಳಗ್ಗೆ ನನಗೆ ಅದು ಹೊಳೆದೇ ಇರಲಿಲ್ಲ.

ಪೊನ್ನು ಏದುತ್ತಾ ಬಂದಳು.

"ಅಪ್ಪ ಅದ್‌ನ ತಕಂಡ್ ಬಾ ಅಂದ."

"ಯಾಕಂತೆ?"

"ಗೊತ್ತಿಲ್ಲೆ. ಎಲ್ಲಾ ಹೆಸ್ರು ಕರ್ದೆ. ಮಾರಿ ಅಜ್ಜಿ ಹೆಸ್ರಿಗೆ ಮಾತ್ರ ಬಾಯಿ ಆಡ್ಸಿಲ್ಲೆ. ಮರ್ತು ಹೋತು ಅಂತ ನಾನೇ ಕರಿಯಕೆ ಹೋದೆ, ಬೇಡ ಅಂತ ತಲೆ ಅಲ್ಲಾಡ್ಸ್‌ದ." ಮಣೆಯ ಕಡೆ ನೋಡಿದಳು. "ನಾ ಇಲ್ಲಿ ಇರ್ವಾಗ ಅದು ಯಾಕೆ, ಅವ್ವ?"

"ತಕಂಡ್ ಹೋಗು, ಮಗಾ."

"ಪೂಜೆ ಆಗಿಲ್ಲೆ."

"ಅಪ್ಪ ಯಜಮಾನ. ಯಜಮಾನ ಕೇಳ್ದ ಮೇಲೆ ಆತು. ನೀ ಇಟ್ಟದ್ದು, ನೀನೇ ತೆಗಿ."

ದೀಪದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಹೂವನ್ನು ಮಣೆಯ ಮೇಲಿಟ್ಟು, ಎರಡೂ ಕೈಯಲ್ಲಿ ಯಂತ್ರ ಎತ್ತಿಕೊಂಡು, ಎದೆಗೊತ್ತಿ ಹಿಡಿದು ಓಡಿದಳು. ನಾನು ಕಡುಬಿನ ಪಾತ್ರೆ ಇಳಿಸಿ, ಪುಟ್ಟನನ್ನು ಸೊಂಟಕ್ಕೆ ಹಾಕಿಕೊಂಡು ಹಿಂದೆಯೇ ಹೋದೆ.

ಕಣದಲ್ಲಿ ಆಳುಗಳು ಕತ್ತಿ ಹಿಡಿದು, ಹೊರಡದೆ ನಿಂತಿದ್ದರು. ಮಾರಿ ಕಣದ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಳೆಗೆ ಹೊದೆಯುವ ಅವಳ ಗೊರಬೆ, ತೊಡೆಯ ಮೇಲೆ ಕಳೆಗತ್ತಿ. ನನ್ನ ಗಂಡ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತರು. ರೈಟರು ಆಳಿನ ಮುಂದೆ ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಯಂತ್ರವನ್ನು ದವಡೆಗೆ ಒತ್ತಿದರು, ಗಂಧ ಒರೆಸಲಿಲ್ಲ.

"ಮಾರಿ. ನಿನ್ನ ಹೆಸರು ಇನ್ನು ಮಸ್ಟರಿನಲ್ಲಿ ಇಲ್ಲ. ಕೆಲಸ ಇಲ್ಲ. ಮನೆ ಇರುತ್ತದೆ."

ಗುಂಯ್ ನಿಂತಿತು. ಮಾರಿ ಯಂತ್ರವನ್ನೇ ನೋಡುತ್ತಿದ್ದಳು, ಅವರ ಮುಖವನ್ನಲ್ಲ.

"ಈ ಹುಳ ಹೇಳಿದ್ದಕ್ಕೆಲ್ಲ ನಾ ಎದ್ದು ಹೋಗಬೇಕಾ ರೈಟರೇ?" ಎಂದಳು.

"ಅಜ್ಜೀ, ಜೀರುಂಡೆ ಹೇಳಿದ್ರೂ ಒಂದೇ ರೈಟರ್ ಹೇಳಿದ್ರೂ ಒಂದೇ" ಎಂದ ಮೇಸ್ತ್ರಿ ಕುಟ್ಟಪ್ಪ.

"ಒಂದೇ ಆದ್ರೆ ನಿನ್ನ ಹೆಂಡ್ತಿನ ಅದ್ರಲ್ಲೇ ಕರಿ, ಬರ್ತಾಳಾ ನೋಡುವ." ಕೆಲವರು ನಕ್ಕು ಬಾಯಿ ಮುಚ್ಚಿಕೊಂಡರು. ಮಾರಿ ನಗಲಿಲ್ಲ. "ದಿನಾ ನನ್ನ ಹೆಸ್ರು ಕರೆದದ್ದು ಕೂಸು. ರೈಟರ ಮಾತು ಅಂದ್ರೆ ನಂಗೆ ಕೂಸಿನ ಬಾಯಿ. ಕೂಸು ಹೇಳ್ಲಿ. ಕೂಸು ಹೇಳಿದ್ರೆ ನಾ ಈಗ್ಲೇ ಎದ್ದೆ."

ಎಲ್ಲರೂ ಪೊನ್ನುವಿನ ಕಡೆ ತಿರುಗಿದರು. ಯಂತ್ರಕ್ಕಿಂತ ನೀನೇ ಬೇಕು ಎಂದು ಯಾರಾದರೂ ಹೇಳಲಿ ಎಂದು ಕಾದಿದ್ದಳಲ್ಲ ಹುಡುಗಿ, ಹೇಳಿದ್ದರು. ಅಭ್ಯಾಸಬಲ, ಅವಳ ಕಣ್ಣು ಅಪ್ಪನ ತುಟಿಗೆ ಹೋಯಿತು, ಉಸಿರು ಎಳೆದುಕೊಂಡಳು, ಬಾಯಿ ತೆರೆಯಿತು. ಮುಖ ಸುಣ್ಣದಂತಾಗಿತ್ತು.

ಅವರು ಅವಳನ್ನು ಹತ್ತಿರಕ್ಕೆ ಎಳೆದು, ಅಂಗೈಯಿಂದ ಅವಳ ಬಾಯಿ ಮುಚ್ಚಿದರು.

ಎಡಗೈ ಮಗಳ ಬಾಯಿಯ ಮೇಲೆ, ಬಲಗೈಯಲ್ಲಿ ಯಂತ್ರ. ಒದ್ದೆ ಕತ್ತಿನ ಮೇಲೆ ಅದು ಜಾರಿತು. ಮತ್ತೆ ಒತ್ತಿ ಹಿಡಿದರು. ಗಂಧ ಇಳಿದು ಕತ್ತಿನ ಬಟ್ಟೆಗೆ ಹತ್ತಿತು.

"ಇದನ್ನು ಹೇಳುತ್ತಿರುವುದು ನಾನು, ಮಾರಿ. ದೇರಪ್ಪ. ಮಗು ಅಲ್ಲ. ಕೆಲಸ ಇಲ್ಲ ಅಂದವನು ನಾನು."

ಅದೇ ಗುಂಯ್. ಏರಿಲ್ಲ, ಇಳಿವಿಲ್ಲ. ಆದರೆ ಮಾರಿ ಈ ಸಲ ಯಂತ್ರ ಬಿಟ್ಟು ಅವರ ಮುಖ ನೋಡಿದಳು. ಅವಳ ಮಂಜುಗಣ್ಣಿಗೆ ಎಷ್ಟು ಕಂಡಿತೋ ತಿಳಿಯದು. ಕಳೆಗತ್ತಿಯನ್ನು ಕಟ್ಟೆಯ ಮೇಲಿಟ್ಟು, ಗೊರಬೆ ತಲೆಗೇರಿಸಿಕೊಂಡು ಎದ್ದಳು.

"ಅಳಬೇಡ ಕೂಸೇ" ಎಂದಳು ಪೊನ್ನುವಿಗೆ. "ನೀ ಹೇಳಿಲ್ಲ ತಾನೆ."

ಲೈನಿನ ದಾರಿ ಹಿಡಿದು ಹೋದಳು. ಮೇಸ್ತ್ರಿ ಆಳುಗಳನ್ನು ಹೊರಡಿಸಿದ.

ನಾನು ಪುಟ್ಟನನ್ನು ಹೊತ್ತು ಅಲ್ಲೇ ನಿಂತಿದ್ದೆ. ಮಾರಿಯ ಬಗ್ಗೆ ಮರುಕ ಬರಬೇಕಾದ ಹೊತ್ತಿನಲ್ಲಿ ನನ್ನ ಕಣ್ಣು ಆ ಅಂಗೈಯ ಮೇಲಿತ್ತು. ಹಿಂದಿನ ಸಂಜೆ ಇದೇ ಮಾತನ್ನು ನನ್ನ ಕಿವಿಗೆ ಸುರಿಯುವಾಗ, ಇವಳು ತಡೆದುಕೊಳ್ಳುವಳೇ ಎಂದು ಅವರು ಯೋಚಿಸಿರಲಿಲ್ಲ. ಮಗಳ ಬಾಯಿಗೆ ಅದು ಸೋಂಕಬಾರದೆಂದು ಕೈ ಅಡ್ಡ ಹಿಡಿದರು. ನನಗೆ ಮಾತು ಕೊಟ್ಟರು, ಅವಳಿಗೆ ಅಂಗೈ ಕೊಟ್ಟರು. ಯಾವುದು ಹೆಚ್ಚು? ಇಳಿಜಾರು ಹತ್ತಿ ಮನೆ ಸೇರುವವರೆಗೂ ತೂಗಿದೆ. ತಕ್ಕಡಿ ಒಂದು ಕಡೆ ನಿಲ್ಲಲಿಲ್ಲ. ಹಿಂದೆ ಬರುತ್ತಿದ್ದ ಮಗಳೂ ತನ್ನದನ್ನು ತೂಗುತ್ತಿರಬೇಕು. ಅವಳಿಗೆ ಅಂಗೈ ಬೇಕಾಗಿರಲಿಲ್ಲ, ಮಾತು ಬೇಕಾಗಿತ್ತು. ಅದನ್ನು ಅವಳ ಕಣ್ಣೆದುರೇ ಜೀರುಂಡೆಗೆ ಕೊಟ್ಟಿದ್ದರು.

ಮನೆಗೆ ಬಂದು ಅವರು ಕೈಕಾಲು ತೊಳೆದರು. ನಾನು ಕತ್ತಿನ ಬಟ್ಟೆ ಬದಲಿಸಿದೆ. ಯಂತ್ರವನ್ನು ಅವರೇ ಒರೆಸಿ, ಮತ್ತೆ ಬಾಳೆಲೆಯ ತುಂಡಿನ ಮೇಲಿಟ್ಟು, ಪೊನ್ನು ತೆಗೆದಿಟ್ಟ ಹೂವನ್ನೇ ಮುಡಿಸಿದರು. ದೀಪ ಬೆಳಗಿ, ಕಡುಬು ಎಡೆಯಿಟ್ಟು ಪೂಜೆ ಮಾಡಿದರು. ಆಯುಧಗಳನ್ನು ಒಂದೊಂದಾಗಿ ಎತ್ತಿದರು. ಮನೆಗತ್ತಿಯನ್ನು ನನ್ನ ಕೈಗೆ ಕೊಟ್ಟರು. ಹಿತ್ತಲ ಸಣ್ಣ ಗುದ್ದಲಿ ಪೊನ್ನುವಿಗೆ. ಅವಳು ತಗೊಂಡು, ನಮಸ್ಕಾರ ಮಾಡಿ, ಗೋಡೆಗೆ ಒರಗಿಸಿದಳು. ಯಂತ್ರವನ್ನು ಕೊನೆಗೆ ತಾವೇ ತೆಗೆದುಕೊಂಡು ಗೂಡಿನಲ್ಲಿಟ್ಟರು.

ಊಟಕ್ಕೆ ಕೂತೆವು. ಕಡುಬು, ಹಂದಿಮಾಂಸದ ಸಾರು. ಪುಟ್ಟ ಮೂಗಿನವರೆಗೆ ಸಾರು ಮೆತ್ತಿಕೊಂಡು ತಿನ್ನುತ್ತಿದ್ದ. ಪೊನ್ನು ಒಂದು ಕಡುಬನ್ನು ಚೂರು ಚೂರು ಮಾಡಿ ಎಲೆಯ ಸುತ್ತ ಜೋಡಿಸಿದಳು. ಒಂದೂ ಬಾಯಿಗೆ ಹೋಗಲಿಲ್ಲ.

"ತಿನ್ನು ಮಗಾ, ಆರ್ತದೆ" ಎಂದೆ.

"ಅವ್ವ, ಅಪ್ಪನ ಹತ್ರ..." ಎಂದು ಶುರು ಮಾಡಿದಳು.

"ನಾ ಹೇಳುಲೆ" ಎಂದೆ. ಅವಳ ಮಾತನ್ನೇ ಅವಳಿಗೆ ತಿರುಗಿಸಿದ್ದು, ಸಿಟ್ಟಿನಿಂದಲ್ಲ. "ಅಪ್ಪ ಎದುರಿಗೇ ಉಟ್ಟಲ್ಲ. ನೀನೇ ಕೇಳು."

ಅವರು ತಿನ್ನುವುದನ್ನು ನಿಲ್ಲಿಸಿದರು. ಗೂಡಿನ ಕಡೆ ನೋಡಲಿಲ್ಲ, ಏಳಲಿಲ್ಲ. ಸಾರಿನ ಕೈಯನ್ನು ಎಲೆಯ ಮೇಲೆ ಹಾಗೇ ಇಟ್ಟುಕೊಂಡು ಮಗಳನ್ನು ನೋಡಿದರು. ಪೊನ್ನು ತಲೆ ಎತ್ತಿದಳು. ಕಾಲಿನಿಂದ ಎದೆಗೆ, ಎದೆಯಿಂದ ಕತ್ತಿನ ಬಟ್ಟೆಗೆ, ಅಲ್ಲಿಂದ ಅಪ್ಪನ ಮುಖಕ್ಕೆ ಅವಳ ಕಣ್ಣು ನಿಧಾನವಾಗಿ ಬಂತು. ಕೇಳುವವಳು ಅವಳಾದರೂ, ಉತ್ತರಕ್ಕೆ ನಾನೂ ಕೈಯಲ್ಲಿ ತುತ್ತು ಹಿಡಿದು ಕಾದೆ.

"ಅಪ್ಪಾ," ಎಂದಳು ಗಟ್ಟಿಯಾಗಿ, ಕಣದ ಮೆಟ್ಟಿಲ ಮೇಲೆ ನಿಂತು ಹೆಸರು ಕರೆಯುವಷ್ಟು ಗಟ್ಟಿಯಾಗಿ, "ನಾ ನಿನ್ನ ಬಾಯಿ ಆಗಿರ್ವಾಗ, ನಂಗೆ ಕೊಡದೆ ನೀ ಎಷ್ಟು ಮಾತು ಒಳಗೇ ಇಟ್ಕಂಡಿದ್ದೆ?"